ಸಮುದ್ರಕ್ಕೆ ಮುಖ ಮಾಡಿ ಕೂತಿದ್ದವರು

ಮೇಷ್ಟ್ರು ತೀರಿಕೊಂಡು ಎರಡು ಗಂಟೆಯಾಗಿತ್ತು. ಆದರೂ ಕೂರುವ ಶಿಸ್ತು ಕೆಟ್ಟಿರಲಿಲ್ಲ. ಕಿಟಕಿಗೆ ಒರಗಿ, ಮಂಡಿಯ ಮೇಲೆ ಶಾಲು ಹೊದ್ದು, ಸಮುದ್ರದ ಕಡೆ ಮುಖ ಮಾಡಿ ಕೂತಿದ್ದರು. ರೈಲನ್ನೇ ಹೊತ್ತು ಸಮುದ್ರ ದಾಟುವ ಹಡಗಿನ ಹೊಟ್ಟೆಯಿಂದ ಎಳೆದು ತಂದ ಬೋಗಿಗಳು ನಮ್ಮ ಬಂದರು ನಿಲ್ದಾಣದ ಚಾವಣಿಯ ಕೆಳಗೆ ನಿಂತಾಗ ಅಟೆಂಡರ್ ಅವರನ್ನು ಎಬ್ಬಿಸಲು ಹೋಗಿ ಕೂಗಿಕೊಂಡ. ನಿಲ್ದಾಣದ ವೈದ್ಯನೆಂದು ನನ್ನನ್ನು ಕರೆಸಿದರು.

"ವಯಸ್ಸಾಗಿತ್ತು, ಹೃದಯ ನಿಂತಿತು ಅಂತ ಬರೀರಿ ಡಾಕ್ಟ್ರೇ," ಎಂದ ಇನ್ಸ್‌ಪೆಕ್ಟರ್. ಊಟದ ಹೊತ್ತಾಗಿತ್ತು.

"ಬರೀತಿದ್ದೆ. ಕಣ್ಣಲ್ಲಿ ಈ ಕೆಂಪು ಚುಕ್ಕೆ ಇಲ್ಲದಿದ್ರೆ, ಹಲ್ಲಿನ ಸಂದೀಲಿ ಈ ನೀಲಿ ಉಣ್ಣೆ ಎಳೆ ಇಲ್ಲದಿದ್ರೆ. ಯಾರೋ ಉಸಿರು ಕಟ್ಟಿಸಿದಾರೆ."

ನೀಲಿ ಉಣ್ಣೆಯ ದಿಂಬು ಮೂಲೆಯಲ್ಲಿ ಬಿದ್ದಿತ್ತು. ಇನ್ಸ್‌ಪೆಕ್ಟರ್ ಊಟದ ಆಸೆ ಬಿಟ್ಟ. ನಾನು ಮಹಡಿಯಿಂದ ವೇಳಾಪಟ್ಟಿ ಅಕ್ಕನನ್ನು ಕರೆತಂದೆ.

ಅಕ್ಕ ನಲವತ್ತು ವರ್ಷ ರೈಲು-ಹಡಗಿನ ವೇಳಾಪಟ್ಟಿ ತಯಾರಿಸಿದವರು. ನಿವೃತ್ತಿಯಾದ ಮೇಲೂ ನಿಲ್ದಾಣದ ಮೇಲಿನ ಎರಡು ಕೋಣೆಗಳಲ್ಲೇ ಇದ್ದರು. ಖಾಲಿ ಮಾಡಿಸುವ ಪತ್ರ ಇಲಾಖೆಯಲ್ಲಿ ಯಾರದೋ ಮೇಜಿನ ಮೇಲೆ ವಿಶ್ರಾಂತಿ ಪಡೆಯುತ್ತಿತ್ತು. ಈ ಬಂದರಿನ ಮೂರು ಕೇಸುಗಳನ್ನು ಅವರು ಬಿಡಿಸಿದ್ದರು, ಇನ್ಸ್‌ಪೆಕ್ಟರ್ ಮೂರು ಪದಕ ಪಡೆದಿದ್ದ.

ಸತ್ತವರು ಭೂಗೋಳದ ಮೇಷ್ಟ್ರು. ವಿಮಾನ ಹತ್ತದೆ ದೇಶ ದೇಶ ಸುತ್ತುವವರಿಗಾಗಿ ಇಪ್ಪತ್ತು ವರ್ಷದಿಂದ ಕೈಪಿಡಿ ಬರೆಯುತ್ತಿದ್ದರು. ಯಾವ ರೈಲು ಯಾವ ಹಡಗಿಗೆ ಸಿಗುತ್ತದೆ, ಎಲ್ಲಿ ಚಹಾ ಕುಡಿಯಬಾರದು, ಎಲ್ಲವೂ ಅದರಲ್ಲಿತ್ತು. ರಕ್ಷಾಪುಟದಲ್ಲಿ ಅವರ ಹೆಸರಿನ ಜತೆ ತಮ್ಮನ ಹೆಸರೂ ಇತ್ತು. ಒಳಗೆ ಒಂದು ಸಾಲು: ಇದರಲ್ಲಿರುವ ಪ್ರತಿ ಮೈಲಿಯನ್ನೂ ನಾವು ನೆಲದ ಮೇಲೆ, ನೀರಿನ ಮೇಲೆ ಸಾಗಿ ನೋಡಿದ್ದೇವೆ.

ಬೋಗಿಗಳು ಹಡಗಿನಲ್ಲಿರುವ ನಾಲ್ಕು ಗಂಟೆ ಪ್ರಯಾಣಿಕರು ಮೇಲಿನ ಅಂತಸ್ತಿನಲ್ಲಿರಬೇಕು, ಆಮೇಲೆ ನಡೆದೇ ಇಳಿದು ಬಂದು ನಿಲ್ದಾಣದಲ್ಲಿ ಬೋಗಿ ಹತ್ತಬೇಕು. ಮೇಷ್ಟ್ರಿಗೆ ಮಂಡಿನೋವೆಂದು ಕೆಳಗೇ ಉಳಿಯಲು ಅನುಮತಿ ಇತ್ತು. ಕೆಳಗಿನ ಬಾಗಿಲಿನ ಬೀಗದ ಕೈ ಅಟೆಂಡರನ ಸೊಂಟದಲ್ಲಿತ್ತು.

"ಮೂರು ಸಲ ತೆಗೆದಿದೀನಿ," ಎಂದ ಅಟೆಂಡರ್. ಹತ್ತೊಂಬತ್ತು ವರ್ಷ ಇದೇ ದಾರಿಯಲ್ಲಿ ದುಡಿದವನು. ಬೆರಳುಗಳು ಟೋಪಿಯ ಅಂಚನ್ನು ತಿರುಗಿಸುತ್ತಲೇ ಇದ್ದವು. "ಮೊದಲು ಪಿಟೀಲು ಮೇಡಮ್ಮೋರು ಸ್ವೆಟರ್ ಬೇಕು ಅಂತ ಹೋದ್ರು. ಆಮೇಲೆ ಮೇಷ್ಟ್ರ ತಮ್ಮ ಮಾತ್ರೆ ಕೊಡೋಕೆ ಹೋದ್ರು. ಕೊನೇಲಿ ನಾನು ಚಹಾ ತಗೊಂಡು ಹೋದೆ. ಬಾಗಿಲ ಸಂದಿಯಿಂದ ನೋಡ್ದೆ, ಶಾಲು ಕಾಣ್ತು. ನಿದ್ದೆ ಅಂದ್ಕೊಂಡು ಚಹಾ ವಾಪಸ್ ತಂದೆ."

"ಕೊನೆಗೆ ಹೋದೋನು ನೀನೇ," ಎಂದ ಇನ್ಸ್‌ಪೆಕ್ಟರ್. "ತಾನು ಹೋದಾಗ ಮೇಷ್ಟ್ರು ಮಾತಾಡ್ತಿದ್ರು ಅಂತಾರೆ ಅವರ ತಮ್ಮ. ನೀನು ಹೋದ ಮೇಲೆ ಮಾತಿಲ್ಲ. ಸಮುದ್ರದ ಮೇಲೆ ನಡೆದ ಕೇಸು, ನಾಲ್ಕು ಗಂಟೆ ಹಡಗಿಗೆ ನಿನ್ನ ಆಚೆ ದಡದ ಪೊಲೀಸಿಗೆ ಒಪ್ಪಿಸ್ತೀನಿ."

"ಸಾರ್, ಆ ಕಡೆ ಜೈಲಿಗೆ ಹೋದ್ರೆ ನನ್ನ ಕೇಳೋರು ಯಾರು ಸಾರ್? ಅವರ ಮೈಗೆ ಶಾಲು ಸರಿ ಮಾಡೋನು ನಾನು, ಉಸಿರು ತೆಗೀತೀನಾ?"

ಗಡಿಯಾರ ಮೂರು ತೋರಿಸುತ್ತಿತ್ತು.

ಅಕ್ಕ ಅಣ್ಣತಮ್ಮಂದಿರಿಬ್ಬರ ಕ್ಯಾಬಿನ್‌ನ ಬಾಗಿಲಲ್ಲಿ ನಿಂತು ಒಳಗೆ ಕಣ್ಣಾಡಿಸಿದರು. ಎದುರುಬದುರು ಎರಡು ಸೀಟು. ದೇಹವಿದ್ದ ಸೀಟಿನ ಬದಿಯ ಬಲೆಚೀಲ ಖಾಲಿ. ಎದುರು ಸೀಟಿನ ಬಲೆಚೀಲದಲ್ಲಿ ಮೇಷ್ಟ್ರ ನೀರಿನ ಬಾಟಲಿ, ಕನ್ನಡಕದ ಡಬ್ಬಿ, ಕೆಂಪು ಪೆನ್ಸಿಲು.

"ಇದರಲ್ಲಿ ನಿಮ್ಮದೇನಾದ್ರೂ ಇದೆಯಾ?" ಎಂದು ತಮ್ಮನನ್ನು ಕೇಳಿದರು.

"ಇಲ್ಲ, ಎಲ್ಲ ಅಣ್ಣಂದೇ." ತಮ್ಮ ಐವತ್ತರ ಆಸುಪಾಸಿನ, ನೀಟಾಗಿ ಅತ್ತಿದ್ದ ಮನುಷ್ಯ. "ಅಣ್ಣನಿಗೆ ಹಿಂದುಮುಂದಾಗಿ ಕೂತ್ರೆ ವಾಂತಿ. ಇಪ್ಪತ್ತು ವರ್ಷದಿಂದ ರೈಲು ಹೋಗೋ ಕಡೆಗೇ ಮುಖ ಮಾಡಿ ಕೂರೋರು. ಕೊನೇಗೂ ಹಾಗೇ ಹೋದ್ರಲ್ಲ, ಅದೊಂದು ಸಮಾಧಾನ."

"ನೀವು ಈ ದಾರಿ ಎಷ್ಟು ಸಲ ಬಂದಿದೀರಿ?"

"ಹದಿನಾಲ್ಕು. ಈ ದಡದ ಅಧ್ಯಾಯ ನಾನೇ ಬರೆದಿರೋದು."

ಪಕ್ಕದ ಕ್ಯಾಬಿನ್‌ನಲ್ಲಿದ್ದಾಕೆ ಪಿಟೀಲು ರಿಪೇರಿ ಮಾಡುವವಳು. ತಿಂಗಳಿಗೊಮ್ಮೆ ಈ ದಾರಿಯಲ್ಲಿ ಓಡಾಡುತ್ತಾಳೆ. "ಸ್ವೆಟರ್ ತಗೊಳ್ಳೋಕೆ ಹೋದಾಗ ಮೇಷ್ಟ್ರು ಚೆನ್ನಾಗಿದ್ರು. ಈ ಸಲ ತಮ್ಮನಿಗೆ ಪಾಠ ಮಾಡ್ಬೇಕಮ್ಮ ಅಂದ್ರು. ನಾನೂ ನನ್ನ ಪಿಟೀಲಿನ ಪೆಟ್ಟಿಗೆನ ಆಚೆ ಸೀಟಿಗೆ ಇಟ್ಟು ಮೇಲೆ ಹೋದೆ."

ಅಕ್ಕ ಮೇಷ್ಟ್ರ ಚೀಲದಿಂದ ಹೊಸ ಮುದ್ರಣದ ಕರಡು ತೆಗೆದು, ಒಂದು ಪುಟ ಓದಿ ಸಣ್ಣಗೆ ನಕ್ಕರು. ಆ ನಗು ನನಗೆ ಗೊತ್ತು. ಯಾರದೋ ವೇಳಾಪಟ್ಟಿಯಲ್ಲಿ ತಪ್ಪು ಸಿಕ್ಕಾಗ ಬರುವಂಥದ್ದು. ಆಮೇಲೆ ಅಂಚಿನಲ್ಲಿದ್ದ ಕೆಂಪು ಬರಹ ಓದಿದರು, ನಗು ನಿಂತಿತು. ಬೋಗಿಯನ್ನು ಕಳಚಿ ಅದೇ ಚಾವಣಿಯಡಿ ಪಕ್ಕದ ಹಳಿಗೆ ಹಾಕಿಸಿ, ಪರದೆ ಎಳೆಸಿ, ಎಂಜಿನ್ ಡ್ರೈವರನ ಕಿವಿಯಲ್ಲಿ ಏನೋ ಹೇಳಿಬಂದರು.

ಮೂರೂವರೆಗೆ ದೇಹವಿಲ್ಲದ ಆ ಕ್ಯಾಬಿನ್‌ನಲ್ಲಿ ನಾವೆಲ್ಲ ಸೇರಿದೆವು. ಇನ್ಸ್‌ಪೆಕ್ಟರ್ ಅಟೆಂಡರನ ತೋಳು ಬಿಟ್ಟಿರಲಿಲ್ಲ.

"ಒಂದೇ ಪ್ರಶ್ನೆ," ಎಂದರು ಅಕ್ಕ. "ಮೇಷ್ಟ್ರು ಬದುಕಿದ್ದು ಇಲ್ಲಿಂದ ಮುಂದಕ್ಕೆ ಹೋಗಿದ್ರೆ, ಯಾವ ಸೀಟಲ್ಲಿ ಕೂರ್ತಿದ್ರು?"

ಅಟೆಂಡರ್, ಪಿಟೀಲಿನಾಕೆ ಇಬ್ಬರೂ ನೀರಿನ ಬಾಟಲಿಯಿದ್ದ ಸೀಟಿನ ಕಡೆ ಕೈ ತೋರಿಸಿದರು.

"ಅದು ಹೇಗೆ?" ಎಂದ ತಮ್ಮ. "ಬೆಳಿಗ್ಗೆಯಿಂದ ಕೂತಿದ್ದು ಇಲ್ಲಿ. ಇನ್ನೆಲ್ಲಿ ಕೂರ್ತಾರೆ?"

"ಕೂತು ತೋರಿಸ್ತೀರಾ?"

ತಮ್ಮ ಒಲ್ಲದ ಮನಸ್ಸಿನಿಂದ ಅಣ್ಣನ ದೇಹವಿದ್ದ ಸೀಟಿನ ಅಂಚಿನಲ್ಲಿ ಕೂತ. ಅಕ್ಕ ಕಿಟಕಿಗೆ ಮೂರು ಸಲ ತಟ್ಟಿದರು. ಬೋಗಿ ಜಗ್ಗಿತು. ಅವನ ಬೆನ್ನ ಕಡೆಗೆ ಹೊರಟಿತು. ತಮ್ಮ ಮುಗ್ಗರಿಸಿ ಮಂಡಿಯೂರಿ, ಆಸರೆಗೆ ಎದುರು ಸೀಟನ್ನು ಹಿಡಿದುಕೊಂಡ. ತಲೆಯ ಮೇಲೆ ಅಣ್ಣನ ನೀರಿನ ಬಾಟಲಿ ತೂಗುತ್ತಿತ್ತು.

ಹತ್ತು ಮಾರು ಹೋಗಿ ಬೋಗಿ ನಿಂತಿತು.

"ಆಚೆ ದಡದಲ್ಲಿ ಎಂಜಿನ್ ಹಿಂದಿನಿಂದ ಬೋಗಿಗಳನ್ನ ಹಡಗಿನೊಳಗೆ ತಳ್ಳುತ್ತೆ," ಎಂದರು ಅಕ್ಕ. "ಈ ದಡದಲ್ಲಿ ಇನ್ನೊಂದು ಎಂಜಿನ್ ಅದೇ ಬಾಯಿಂದ ಎಳೆದು ತರುತ್ತೆ. ಬೆಳಿಗ್ಗೆ ಮುಂದಾಗಿದ್ದ ಸೀಟು ಇಲ್ಲಿ ಹಿಂದಾಗುತ್ತೆ. ಒಂದು ಸಲ ಬಂದೋರೂ ಇದನ್ನ ಮರೆಯಲ್ಲ. ಮೇಷ್ಟ್ರು ಹಡಗು ಹೊರಡೋ ಮುಂಚೆನೇ ಜಾಗ ಬದಲಾಯಿಸಿದ್ರು. ಸಾಮಾನೆಲ್ಲ ಈ ಕಡೆ ಇದೆ. ದೇಹ ಮಾತ್ರ ಆ ಕಡೆ. ಒದ್ದಾಟದಲ್ಲಿ ಕೆಳಗೆ ಬಿದ್ದಿರಬೇಕು; ಸತ್ತ ಮೇಲೆ ಯಾರೋ ಎತ್ತಿ ಕೂರಿಸಿದಾರೆ, ಬೆಳಿಗ್ಗೆ ನೋಡಿದ್ದ ಜಾಗದಲ್ಲಿ. ಅಟೆಂಡರ್ ಆಗಿದ್ರೆ ಕಣ್ಣು ಮುಚ್ಚಿಯೂ ಸರಿಯಾದ ಸೀಟಲ್ಲಿ ಕೂರಿಸ್ತಿದ್ದ. ಈ ಮೇಡಮ್ಮು ತನ್ನ ಪೆಟ್ಟಿಗೆನೇ ಆಚೆ ಕಡೆಗಿಟ್ಟಿದ್ಲು. ಇನ್ನು ಉಳಿದೋರು, ಹದಿನಾಲ್ಕು ಸಲ ಬಂದೋರು."

ಇನ್ಸ್‌ಪೆಕ್ಟರ್ ಅಟೆಂಡರನ ತೋಳು ಬಿಟ್ಟ.

ಅಕ್ಕ ಕರಡಿನ ಪುಟ ಓದಿದರು: "'ಹಡಗಿನಿಂದ ಇಳಿದ ಮೇಲೂ ಸೀಟು ಬದಲಿಸಬೇಕಿಲ್ಲ, ರೈಲು ಅದೇ ದಿಕ್ಕಿನಲ್ಲಿ ಸಾಗುತ್ತದೆ.' ನಿಮ್ಮ ಅಧ್ಯಾಯ. ಎಷ್ಟು ಸಲ ಬಂದಿದೀರಿ, ನಿಜ ಹೇಳಿ."

ತಮ್ಮ ನೆಲದಿಂದ ಏಳಲಿಲ್ಲ. "ಇದೇ ಮೊದಲು," ಎಂದ. "ಎಲ್ಲ ಕಡೆ ವಿಮಾನದಲ್ಲೇ ಹೋಗ್ತಿದ್ದೆ. ಬಂದರಿನಲ್ಲಿ ಎರಡು ದಿನ ಇದ್ದು, ಅವರಿವರನ್ನ ಕೇಳಿ ಬರೀತಿದ್ದೆ. ಅಣ್ಣನಿಗೆ ಗೊತ್ತಾಗಿಹೋಯ್ತು. ಕೆಳಗೆ ಹೋದಾಗ, ನಿನ್ನ ಅಧ್ಯಾಯ ಹೀಗೇ ಅಚ್ಚಿಗೆ ಹೋಗಲ್ಲ ಕಣೋ ಅಂದ. ಇಪ್ಪತ್ತು ವರ್ಷ ಜನ ನನ್ನ ನಂಬಿದಾರೆ. ಊರೆಲ್ಲ ನಗೋ ಹಾಗೆ ಮಾಡ್ತಾನೆ ಅನ್ನಿಸ್ತು. ದಿಂಬು ಕೈಗೆ ಸಿಕ್ತು."

"ಪೂರ್ತಿ ಕೇಳಿಸಿಕೊಂಡ್ರಾ ಅವರು ಹೇಳಿದ್ದನ್ನ?"

"ಇಲ್ಲ."

ಅಕ್ಕ ಪುಟವನ್ನು ಅವನ ಕೈಗಿತ್ತರು. ಅಂಚಿನಲ್ಲಿ ಮೇಷ್ಟ್ರ ಅಕ್ಷರ, ಶಾಲೆಯ ಕಾಪಿಪುಸ್ತಕ ತಿದ್ದಿದ ಹಾಗೆ ದುಂಡಗೆ, ಕೆಂಪಗೆ: "ಇವನು ಇದನ್ನು ನೋಡಿಲ್ಲ. ಯಾರಿಗೂ ಹೇಳುವುದು ಬೇಡ. ಎಲ್ಲ ದಾರಿಗಳಲ್ಲೂ ಒಂದೊಂದು ಸಲ ಕರೆದುಕೊಂಡು ಹೋಗಿ ತೋರಿಸಿದರೆ ತಾನೇ ತಿದ್ದಿ ಬರೆಯುತ್ತಾನೆ."

ಅದರ ಹಿಂದೆ ಇನ್ನೂ ಆರು ದಾರಿಗಳ ಟಿಕೆಟುಗಳನ್ನು ಪಿನ್ನು ಚುಚ್ಚಿ ಇಟ್ಟಿದ್ದರು. ಎಲ್ಲವೂ ಇಬ್ಬರಿಗೆ.

ನಾಲ್ಕಕ್ಕೆ ಹಡಗು ಕೂಗಿತು. ಇನ್ಸ್‌ಪೆಕ್ಟರ್ ತಮ್ಮನನ್ನು ಕರೆದುಕೊಂಡು ಹೊರಟ. ಹಡಗಿನೊಳಗೆ ತಳ್ಳಲು ಸಿದ್ಧವಾಗಿದ್ದ ಬೋಗಿಯ ಮೆಟ್ಟಿಲ ಬಳಿ ಅಟೆಂಡರ್ ನಿಂತಿದ್ದ, ಟೋಪಿ ತಲೆಯ ಮೇಲಿತ್ತು. ಹತ್ತೊಂಬತ್ತು ವರ್ಷದ ರೂಢಿ ಬಿಡಬೇಕಲ್ಲ; ತಮ್ಮ ಒಳಗೆ ಹೋಗಿ ಕೂತದ್ದನ್ನು ನೋಡಿ ಮೆಲ್ಲಗೆ ಹೇಳಿದ:

"ಆ ಸೀಟು ಬೇಡ ಸಾರ್. ಆಚೆ ದಡದಲ್ಲಿ ಅದು ಹಿಂದಾಗುತ್ತೆ."