ತಟ್ಟೆಯಲ್ಲಿ ಉಳಿದ ನಟ್

ಏನಾದರೂ ಕಳೆದುಹೋಗಿದ್ದರೆ ಅಳಿಯ ಅಷ್ಟು ಕಂಗಾಲಾಗುತ್ತಿರಲಿಲ್ಲ. ಕಳೆದದ್ದನ್ನು ಹುಡುಕಬಹುದು. ಇಲ್ಲಿ ಆಗಿದ್ದು ಅದರ ತಿರುಗುಮುರುಗು. ಕೆಲಸವೆಲ್ಲ ಮುಗಿಸಿ, ಕಾರನ್ನು ಜ್ಯಾಕಿನಿಂದ ಇಳಿಸಿ, ಬಚ್ಚಲಿಗೆ ಹೋಗಿ ಮುಖ ತೊಳೆದು ಬಂದು ತಟ್ಟೆ ಎತ್ತಿದರೆ—

ಒಂದು ನಟ್ ಉಳಿದಿತ್ತು.

ಬಿಚ್ಚಿದ್ದನ್ನೆಲ್ಲ ಅವನು ಆ ತಟ್ಟೆಗೇ ಹಾಕಿದ್ದ. ಹಾಕಿದ್ದನ್ನೆಲ್ಲ ತೆಗೆದು ಕಾರಿಗೆ ಕೂರಿಸಿದ್ದ. ಅದು ಖಾಲಿ ಇರಬೇಕಿತ್ತು.

"ನೀನೆಲ್ಲಿಂದ ಬಂದೆಯಪ್ಪಾ?" ಎಂದು ನಟ್ಟನ್ನೇ ಕೇಳಿದ. ನಟ್ ಬಾಯಿ ಬಿಡಲಿಲ್ಲ.

ಕೆಲವು ವಾರಗಳಿಂದ ಕಾರಿನ ಮುಂದಿನ ಚಕ್ರ ತಿರುವು ಬಂದಾಗಲೆಲ್ಲ ಟಕ್ ಟಕ್ ಎನ್ನುತ್ತಿತ್ತು. ಗೇರ್ ಪೆಟ್ಟಿಗೆಯಿಂದ ಚಕ್ರಕ್ಕೆ ಶಕ್ತಿ ಮುಟ್ಟಿಸುವ ಸಲಾಕೆ, ಅಂದರೆ ಡ್ರೈವ್ ಆ್ಯಕ್ಸಲ್, ಸವೆದಿತ್ತು. ಬೀದಿ ಕೊನೆಯ ಮೆಕ್ಯಾನಿಕ್ ಮುಂದಿನ ವಾರ ನೋಡೋಣ ಎಂದಿದ್ದ. ಮುಂದಿನ ವಾರವಾದರೆ ಕೆಟ್ಟಿತು. ನಾಳೆ ಬೆಳಿಗ್ಗೆ ಹೆಂಡತಿ ಇದೇ ಕಾರು ಓಡಿಸಿಕೊಂಡು ಪಕ್ಕದ ಊರಿನ ರಕ್ತಪರೀಕ್ಷೆ ಲ್ಯಾಬಿಗೆ ಹೋಗಬೇಕು. ಮುಖ್ಯಸ್ಥೆಯಾಗಿ ಅವಳ ಮೊದಲ ದಿನ. "ನಾನೇ ಮನೇಲಿ ಹಾಕ್ತೀನಿ" ಎಂದು ಅಳಿಯ ಎದೆ ತಟ್ಟಿಕೊಂಡಿದ್ದ.

ಹಾಕಿಯೂ ಹಾಕಿದ್ದ. ಚಕ್ರದ ನಡುವಿನ ದೊಡ್ಡ ನಟ್ ಸಡಿಲಿಸುವಾಗ ಚಕ್ರ ತಿರುಗದಂತೆ ಯಾರಾದರೂ ಬ್ರೇಕ್ ಒತ್ತಿ ಹಿಡಿಯಬೇಕು. ಅತ್ತೆ ಸೀಟಿನಲ್ಲಿ ಕೂತು ಒತ್ತಿದರು. ಗೇರಿನ ಎಣ್ಣೆ ಬಸಿದು, ಹಳೇ ಆ್ಯಕ್ಸಲ್ ಮೀಟಿ ಎಳೆದು, ಹೊಸದನ್ನು ತಳ್ಳಿದಾಗ ಒಳಗಿನಿಂದ ಕ್ಲಿಕ್ ಎಂದಿತು. ಆ ಸದ್ದು ಕೇಳಿ ಅವನು ಅಂಗಳದಲ್ಲಿ ಒಂದು ಕುಣಿತವನ್ನೇ ಹಾಕಿದ್ದ. ಹೊಸ ಎಣ್ಣೆ, ಚಕ್ರ, ಮತ್ತೆ ಅತ್ತೆಯ ಬ್ರೇಕ್, ಬಿಗಿತ. ಮುಗಿಯಿತು.

ಈಗ ಈ ನಟ್.

ಕಿಟಕಿಯಾಚೆ, ತಮ್ಮ ಕಬ್ಬಿಣದ ಮಂಚದಲ್ಲಿ ಒರಗಿದ್ದ ಮಾವ ಕೂಗಿದರು: "ಅಳಿಯಂದ್ರೇ, ಭೂಮಿ ಅಲ್ಲಾಡ್ತಿದೆ ಕಣ್ರೀ."

"ಭೂಮಿ ಅಲ್ಲ ಮಾವ, ಕಾರು ಇಳಿಸಿದ್ದು ಅಷ್ಟೇ."

"ಈಗ್ಲೂ ಇಳೀತಾನೇ ಇದೆಯಾ?"

ಅಷ್ಟರಲ್ಲಿ ಹೆಂಡತಿ ಹಳೇ ಲ್ಯಾಬಿನ ಕೊನೆಯ ದಿನ ಮುಗಿಸಿ ಗೇಟು ತಳ್ಳಿಕೊಂಡು ಬಂದಳು.

"ಮುಗೀತಾ?"

"ಮುಗೀತು. ಸ್ವಲ್ಪ ಜಾಸ್ತೀನೇ ಮುಗೀತು." ಅವನು ತಟ್ಟೆ ತೋರಿಸಿದ.

"ಎಲ್ಲಿದು?"

"ಗೊತ್ತಿದ್ರೆ ಹೀಗೆ ಹಿಡ್ಕೊಂಡು ನಿಂತಿರ್ತಿದ್ನಾ? ಕಾಣೋ ಬೋಲ್ಟಿಗೆಲ್ಲ ನಟ್ ಇದೆ. ಕಾಣದ್ದು? ಒಳಗೆಲ್ಲೋ ಬಿಟ್ಟಿದ್ರೆ? ಪುನಃ ಪೂರ್ತಿ ಬಿಚ್ತೀನಿ. ಒಂದು ನಟ್ ಕಡಿಮೆ ಇರೋ ಕಾರಲ್ಲಿ ನಿನ್ನ ಕಳ್ಸಲ್ಲ."

"ಬಿಚ್ಚಿದ್ರೆ ರಾತ್ರಿಯಾಗುತ್ತೆ. ನಾಳೆ ನಾನು ಹೋದ ಹಾಗೇ."

ಚಹಾ ತಂದ ಅತ್ತೆ ಲೋಟ ಕೈಗಿತ್ತು ತಲೆಯಾಡಿಸಿದರು. "ಬಿಚ್ಚಲಿ ಬಿಡೇ. ಪಾಪ, ಜೀವದ ಪ್ರಶ್ನೆ."

ಹೆಂಡತಿ ಚೀಲ ಕೆಳಗಿಟ್ಟು ಕಾರಿನೊಳಗೆ ಕೂತಳು. ಮೊಣಕಾಲು ಸ್ಟೀರಿಂಗಿಗೆ ಬಡಿಯಿತು. ತಲೆಯೆತ್ತಿ ಕನ್ನಡಿ ನೋಡಿದಳು. ಹಿಂದಿನ ಸೀಟು ಮಾತ್ರ ಕಂಡಿತು. ಕಣ್ಣು ಕಿರಿದು ಮಾಡಿ ಕನ್ನಡಿಯನ್ನೇ ದಿಟ್ಟಿಸಿದಳು. ಲ್ಯಾಬಿನಲ್ಲಿ ಗಾಜಿನ ಮೇಲಿನ ಒಂದು ಹನಿ ರಕ್ತವನ್ನು ನೋಡುವಾಗಲೂ ಅವಳ ಮುಖ ಹೀಗೇ ಇರುತ್ತಿತ್ತು.

"ಬಿಚ್ಚೋಕೆ ಮುಂಚೆ ಹತ್ತು ನಿಮಿಷ ಕೊಡು," ಎಂದಳು ಇಳಿದು. "ಇವತ್ತು ಅಂಗಳಕ್ಕೆ ಯಾರ್ಯಾರು ಬಂದಿದ್ರು?"

"ಆ ಮೆಕ್ಯಾನಿಕ್ ಬಂದಿದ್ದ. ಗೇಟಿನ ಹತ್ರ ನಿಂತು, 'ಬಿಚ್ಚೋದು ಸುಲಭ ಸಾರ್' ಅಂತ ಹಲ್ಲು ಕಿರಿದ. ಅವನೇ ಹಾಕಿರ್ಬೇಕು. ನಾನು ಸೋತು ಅವನ ಬಾಗಿಲಿಗೆ ಹೋಗ್ಲಿ ಅಂತ."

"ತಟ್ಟೆ ಎಲ್ಲಿತ್ತು?"

"ಇಲ್ಲೇ, ಮೆಟ್ಟಿಲ ಮೇಲೆ. ನಾನು ಬಚ್ಚಲಿಗೆ ಹೋಗಿದ್ದಾಗ ಯಾರು ಬೇಕಾದ್ರೂ—"

"ನಟ್ ಕೊಡು. ಅಲ್ಲ, ನೀನು ಮುಟ್ಬೇಡ. ಎಷ್ಟು ಸಲ ಮುಟ್ಟಿದೆ?"

"ಮುಟ್ಟೇ ಇಲ್ಲ."

ಅವಳು ನಟ್ಟನ್ನು ಬೆಳಕಿಗೆ ಹಿಡಿದಳು. ಟೂಲ್ ಪೆಟ್ಟಿಗೆ ತೆರೆದು ಸ್ಪ್ಯಾನರುಗಳ ಮೇಲೆ ಕಣ್ಣಾಡಿಸಿದಳು. ಆಮೇಲೆ ಒಳಗೆ ಹೋದಳು. ಕಿಟಕಿಯಿಂದ ಕೇಳಿಸಿತು:

"ಅಪ್ಪ, ಭೂಮಿ ಯಾವ ಕಡೆ ಅಲ್ಲಾಡುತ್ತೆ?"

"ಎಡಗಾಲಿನ ಕಡೆ. ಈ ಮನೇಲಿ ನನ್ನ ಮಾತು ಕೇಳೋಕೆ ಒಬ್ಬಳಾದ್ರೂ ಇದ್ದಾಳಲ್ಲ."

ಹೊರಬಂದಾಗ ಅವಳ ತುಟಿಯಂಚಿನಲ್ಲಿ ನಗು ಅಡಗಿ ಕೂತಿತ್ತು. "ಎಲ್ರೂ ಒಳಗೆ ಬನ್ನಿ. ಅಮ್ಮ, ನೀನೂ."

ಮಾವನ ಕೋಣೆಯಲ್ಲಿ ನಾಲ್ವರೂ ಸೇರಿದರು. ಮಾವ ಮಂಚದಿಂದ ಇಳಿಯಲಿಲ್ಲ. ಭೂಕಂಪಕ್ಕೆ ಸಾಕ್ಷಿಯಾಗಿ ಅಲ್ಲೇ ಉಳಿದರು.

"ಈ ನಟ್ ಕಾರಿಂದಲ್ಲ," ಎಂದಳು ಹೆಂಡತಿ.

"ಅದ್ಹೇಗೆ ಹೇಳ್ತೀಯ?"

"ನಿನ್ನ ಕೈ ನೋಡ್ಕೋ. ಮುಖ ತೊಳೆದೆ, ಕೈ ಇನ್ನೂ ಕಪ್ಪು. ಬೆಳಿಗ್ಗೆಯಿಂದ ನೀನು ಮುಟ್ಟಿದ್ದೆಲ್ಲ ಕಪ್ಪು. ಬಾಗಿಲು ಕಪ್ಪು, ಲೋಟ ಕಪ್ಪು. ನಟ್ ಮಾತ್ರ ಮದುಮಗನ ಹಾಗೆ ಹೊಳೀತಿದೆ. ಕಾರಿಂದ ಬಂದಿದ್ರೆ, ನಿನ್ನ ಕೈ ದಾಟಿ ಬಂದಿದ್ರೆ, ಹೀಗಿರುತ್ತಾ?"

ಅಳಿಯ ತನ್ನ ಅಂಗೈ ನೋಡಿಕೊಂಡ. ಇಷ್ಟು ಹೊತ್ತು ಅವನು ನಟ್ಟನ್ನೇ ನೋಡುತ್ತಿದ್ದ. ಅದರ ಮೇಲೆ ಏನಿಲ್ಲ ಎಂಬುದನ್ನು ನೋಡಿರಲಿಲ್ಲ.

"ಹಾಗಾದ್ರೆ ಮೆಕ್ಯಾನಿಕ್?"

"ಅವನ ಕೈ ನಿನ್ನದಕ್ಕಿಂತ ಕಪ್ಪು. ಹಾಕಿದ್ದು ಕೈ ಶುಭ್ರವಾಗಿರೋರು. ನಟ್ಟಿನ ಅಂಚಲ್ಲಿ ಒಂದು ಚೂರು ಹಸಿರು ಬಣ್ಣ ಇದೆ. ನಮ್ಮ ಕಾರು ಬಿಳಿ. ಈ ಮನೇಲಿ ಹಸಿರು ಬಳಿದ ಕಬ್ಬಿಣ ಯಾವುದು?"

ಎಲ್ಲರ ಕಣ್ಣೂ ಕೆಳಗಿಳಿದವು. ಮಂಚದ ಎಡಗಾಲಿನ ಬಳಿ ಬೋಲ್ಟೊಂದು ಬರಿಮೈಯಲ್ಲಿ ನಿಂತಿತ್ತು.

"ನೋಡಿದ್ರಾ?" ಎಂದರು ಮಾವ ಗೆದ್ದವರ ಹಾಗೆ. ಮರುಕ್ಷಣ ಮುಖ ಬದಲಾಯಿತು. "ಅಂದ್ರೆ ನನ್ನ ಬೀಳಿಸೋಕೆ ಹುನ್ನಾರ."

"ಇಲ್ಲಪ್ಪ. ನೀವು ಊಟಕ್ಕೆ ಎದ್ದಿದ್ರಲ್ಲ, ಆಗ ಬಿಚ್ಚಿದ್ದಾರೆ. ಬಿಚ್ಚಿದ ಸ್ಪ್ಯಾನರನ್ನ ಒರೆಸಿ ಒಳಗಿಟ್ಟಿದ್ದಾರೆ. ಪೆಟ್ಟಿಗೇಲಿ ಅದೊಂದೇ ಥಳಥಳ ಅಂತಿದೆ. ಈ ಮನೇಲಿ ಏನು ಮುಟ್ಟಿದ್ರೂ ಒರೆಸಿಡೋರು ಯಾರು?"

ಅತ್ತೆ ಕಿಟಕಿಯ ಸರಳನ್ನು ಒರೆಸುತ್ತಿದ್ದರು. ಕೈ ನಿಂತಿತು.

"ಅತ್ತೆ?" ಅಳಿಯನಿಗೆ ನಂಬಿಕೆ ಬರಲಿಲ್ಲ. "ಅವರಿಗೇನು ಲಾಭ? ಬಿಚ್ಚಿದ್ರೆ ಅವರಿಗೂ ಪುನಃ ಬ್ರೇಕ್ ಒತ್ತೋ ಕಷ್ಟ."

"ಅದೇ ಲಾಭ. ಕಾರಲ್ಲಿ ಕೂತಾಗ ನೋಡ್ದೆ. ಸೀಟು ಮುಂದೆ ಎಳೆದಿತ್ತು. ಸರಿ, ಕಾಲು ಎಟುಕಬೇಕಲ್ಲ. ಆದ್ರೆ ಕನ್ನಡಿ? ಅದೂ ಅಮ್ಮನ ಎತ್ತರಕ್ಕೆ ಬಗ್ಗಿತ್ತು. ನಿಂತ ಕಾರಲ್ಲಿ ಬ್ರೇಕ್ ಒತ್ತೋಕೆ ಕನ್ನಡಿ ಯಾಕೆ ಬೇಕು?"

ಅತ್ತೆ ಮಂಚದ ತುದಿಗೆ ಕೂತರು. ಮಂಚ ಎಡಕ್ಕೆ ವಾಲಿತು.

"ಮದುವೆಯಾದಾಗಿಂದ ಹಿಂದಿನ ಸೀಟು," ಎಂದರು. "ನಿಮ್ಮೆಲ್ಲರ ತಲೆ ಹಿಂಭಾಗ ನೋಡಿ ನೋಡಿ ನನಗೆ ಬಾಯಿಪಾಠ. ಇವತ್ತು ಕೂತೆ. ಎದುರಿಗೆ ಬರೀ ಗಾಜು, ಗೇಟು, ಬೀದಿ. ಕೈಗೆ ಚಕ್ರ. ಅಳಿಯಂದ್ರು 'ಸಾಕು, ಇಳೀರಿ ಅತ್ತೆ' ಅಂದ್ಬಿಟ್ರು. ಇನ್ನೊಂದ್ಸಲ ಬಿಚ್ಚಿದ್ರೆ ಇನ್ನೊಂದ್ಸಲ ಕೂರ್ಬೋದಲ್ಲ ಅಂತ—" ಮಗಳ ಕಡೆ ನೋಡಿದರು. "ನಿನ್ನ ನಾಳೆ ಕೆಡುತ್ತೆ ಅನ್ನೋದು ಹೊಳೀಲೇ ಇಲ್ಲ ಕಣೇ. ಹೊಳೆದ ಮೇಲೆ ಹೇಳೋಕೆ ನಾಚಿಕೆ."

"ಅದಕ್ಕೆ ನನ್ನ ಮಂಚಾನೇ ಬೇಕಿತ್ತಾ?" ಎಂದರು ಮಾವ.

"ಮಂಚದ ತುಂಬ ನಟ್ ಇಟ್ಕೊಂಡು ಒಂದಕ್ಕೆ ಅಳ್ತೀರಲ್ಲ."

ಮೊದಲು ನಕ್ಕಿದ್ದು ಮಾವನೇ. ಆಮೇಲೆ ಮಂಚಕ್ಕೆ ನಿಜವಾದ ಭೂಕಂಪ ಬಂತು.

ಅಳಿಯ ಕಣ್ಣೊರೆಸಿಕೊಂಡು ಎದ್ದ; ಮೂಗಿನ ಮೇಲೂ ಕಪ್ಪು ಹತ್ತಿತು. "ಕೆಲಸ ಇನ್ನೂ ಮುಗಿದಿಲ್ಲ ಅತ್ತೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ, ನಿಧಾನ ಸುತ್ತು ಹಾಕಿ, ಟಕ್ ಟಕ್ ಇದೆಯಾ ಅಂತ ಕೇಳ್ಬೇಕು. ನಾನು ಹೊರಗೆ ನಿಂತು ಕಿವಿ ಕೊಡ್ತೀನಿ. ಒಳಗೆ ಒಬ್ರು ಓಡಿಸ್ಬೇಕು."

ಮನೆ ಹಿಂದಿನ ಖಾಲಿ ಮೈದಾನದಲ್ಲಿ ಅತ್ತೆ ಸೀಟು ಮುಂದೆಳೆದುಕೊಂಡರು. ಕನ್ನಡಿ ತಿರುಗಿಸಿದರು. ಮಗಳು ಪಕ್ಕದಲ್ಲಿ ಹ್ಯಾಂಡ್‌ಬ್ರೇಕಿನ ಮೇಲೆ ಕೈಯಿಟ್ಟು ಕೂತಳು. ನಟ್ ಡ್ಯಾಶ್‌ಬೋರ್ಡಿನ ಮೇಲೆ ಕೂತಿತು. ಮೊದಲ ಸಲ ಕಾರು ಸೀನಿ ನಿಂತಿತು. ಮತ್ತೆ ಶುರು, ಮತ್ತೆ ಸೀನು. "ಕ್ಲಚ್ ಮೆಲ್ಲಗೆ ಬಿಡಮ್ಮ, ಮಲಗಿದ ಮಗು ಪಕ್ಕದಿಂದ ಏಳೋ ಹಾಗೆ." ಆ ಭಾಷೆ ಅತ್ತೆಗೆ ಅರ್ಥವಾಯಿತು. ಕಾರು ಹೊರಟಿತು.

ಒಂದು ಸುತ್ತು. ಅಳಿಯ ಮಂಡಿಯೂರಿ, ಉಸಿರು ಬಿಗಿಹಿಡಿದು ಕೇಳಿದ. ಎರಡನೇ ಸುತ್ತು. ಟಕ್ ಇಲ್ಲ. ಕಲ್ಲು ನುರಿಯುವ ಸದ್ದು, ಅತ್ತೆಯ ನಗು, ಅಷ್ಟೇ.

"ಆ್ಯಕ್ಸಲ್ ಸರಿಯಾಗಿ ಕೂತಿದೆ," ಎಂದ ಎದ್ದು ನಿಂತು. "ನಾಳೆ ಆರಾಮಾಗಿ ಹೋಗು."

ಕಾರು ನಿಲ್ಲಲಿಲ್ಲ. ಮೂರನೇ ಸುತ್ತು ಬಂತು. ಮಾವ ಹಿಂಬಾಗಿಲಲ್ಲಿ ನಿಂತು, ನನ್ನ ನಟ್ ಕೊಟ್ಟು ಹೋಗು ಎಂದು ಕೈಬೀಸುತ್ತಿದ್ದರು.

"ಸಾಕಮ್ಮ," ಎಂದಳು ಮಗಳು. "ಇನ್ನು ಬ್ರೇಕ್ ಒತ್ತು."

"ಬೆಳಿಗ್ಗೆಯೆಲ್ಲ ಅದನ್ನೇ ಒತ್ತಿದ್ದೀನಿ," ಎಂದು ಅತ್ತೆ ಕನ್ನಡಿಯಲ್ಲೊಮ್ಮೆ ಹಿಂದೆ ನೋಡಿ ಇನ್ನೊಂದು ಸುತ್ತಿಗೆ ಹೊರಟರು.