ಎರಡನೇ ಮಣೆ

"ನಿಲ್ಸಿ! ಇನ್ನೊಂದು ಏಟು ಹಾಕ್ಬೇಡಿ!"

ಪಾಯದ ಗುಂಡಿಯೊಳಗೆ ಧುಮುಕಿದವನನ್ನು ಕಂಡು ಕೆಲಸದವರು ಬೆಚ್ಚಿ ಹಿಂದೆ ಸರಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೊರಳಲ್ಲಿ ಕಾಲೇಜಿನ ಐಡಿ ಕಾರ್ಡು, ಕಾಲಲ್ಲಿ ಪಾಲಿಶ್ ಹಾಕಿದ ಬೂಟು. ಆ ಬೂಟೆರಡೂ ಈಗ ಕೆಸರಿನಲ್ಲಿ ಹೂತುಹೋಗಿದ್ದವು.

ನಂದಿತಾಳ ಪಿತ್ತ ನೆತ್ತಿಗೇರಿತು. ಮೊದಲನೆಯ ಕಂಟ್ರ್ಯಾಕ್ಟರ್ ಅರ್ಧ ಗುಂಡಿ ತೋಡಿ ನಾಪತ್ತೆಯಾಗಿದ್ದ. ಫೋನ್ ಮಾಡಿದಾಗಲೆಲ್ಲ "ನಾಳೆ ಬರ್ತೀನಿ ಮೇಡಂ" ಎನ್ನುತ್ತಿದ್ದ. ಆ ನಾಳೆ ಎರಡು ತಿಂಗಳಾದರೂ ಬಂದಿರಲಿಲ್ಲ. ಬೇರೆ ಮೇಸ್ತ್ರಿ ವೆಂಕಟಪ್ಪನನ್ನು ಹುಡುಕಿ, ಕಾಡಿ ಬೇಡಿ ಕರೆತಂದು ಇನ್ನೂ ಅರ್ಧ ಗಂಟೆಯಾಗಿಲ್ಲ... ಈಗ ಇವನ್ಯಾರು?

"ಹಲೋ! ಯಾರ್ರೀ ನೀವು? ನನ್ನ ಸೈಟಲ್ಲಿ ನಿಮಗೇನು ಕೆಲ್ಸ?"

"ಪಕ್ಕದ ಮನೆ ಹೊಸದಾಗಿ ಕೊಂಡಿರೋನು. ಆಕರ್ಷ ಅಂತ. ನೀವು ನಮ್ಮ ಗೋಡೆ ಬುಡಾನೇ ಅಗೀತಿದೀರ!"

"ನಿಮ್ಮ ಗೋಡೆ ಮುಟ್ಟೇ ಇಲ್ಲ. ನನ್ನ ಅಳತೇಲೇ ಅಗೀತಿರೋದು. ಪ್ಲ್ಯಾನ್ ತೋರಿಸ್ಲಾ?"

"ಪ್ಲ್ಯಾನ್ ನೀವೇ ಇಟ್ಕೊಳ್ಳಿ. ಆ ಗೋಡೆಗೆ ಪಾಯಾನೇ ಇಲ್ಲ ಮೇಡಂ! ಹಳೇ ಕಾಲದ್ದು, ಬರೀ ಮಣ್ಣಲ್ಲಿ ಕಟ್ಟಿರೋದು. ಆ ಕಡೆ ನಮ್ಮಮ್ಮ ಮಲಗಿದಾರೆ. ಮಂಡಿ ಆಪರೇಷನ್ ಆಗಿ ಹತ್ತು ದಿನಾನೂ ಆಗಿಲ್ಲ. ಗೋಡೆ ಕುಸಿದ್ರೆ ಎದ್ದು ಓಡೋಕೂ ಆಗಲ್ಲ ಅವರಿಗೆ!"

ವೆಂಕಟಪ್ಪ ಗುಂಡಿಗಿಳಿದು ಗೋಡೆಯ ಬುಡವನ್ನು ಕೈಯಿಂದ ಕೆರೆದು ನೋಡಿದ. ಮಣ್ಣು ಪುಡಿಪುಡಿಯಾಗಿ ಉದುರಿತು.

"ಹೌದಮ್ಮ, ಇವರು ಹೇಳೋದು ನಿಜ. ಒಂದೇ ಸಲ ಅಗದ್ರೆ ಕೆಲಸ ಕೆಡುತ್ತೆ. ನಾಲ್ಕ್ ನಾಲ್ಕ್ ಅಡಿ ಅಗೆದು, ಅಲ್ಲಲ್ಲೇ ಕಲ್ಲು ಕಟ್ಕೊಂಡು ಹೋಗ್ಬೇಕು. ಹದಿನೈದು ದಿನ ಜಾಸ್ತಿ ಹಿಡಿಯುತ್ತೆ."

ಹದಿನೈದು ದಿನ! ನಂದಿತಾ ಹಲ್ಲು ಕಚ್ಚಿದಳು. ಆದರೆ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು ಅವಳು. ಲೆಕ್ಕ ತಪ್ಪಾಗಿದ್ದರೆ ಒಪ್ಪಿಕೊಳ್ಳದೆ ಬೇರೆ ದಾರಿಯಿಲ್ಲ.

"ಹಾಗೇ ಮಾಡಿ ವೆಂಕಟಪ್ಪ," ಎಂದವಳು ಅವನತ್ತ ತಿರುಗಿದಳು. "ನೀವು... ಇನ್ನೊಂದ್ಸಲ ಹಿಂಗೆ ಹಾರೋಕ್ಮುಂಚೆ ಬಾಗಿಲು ಬಡೀರಿ."

"ನಿಮ್ಮ ಮನೇಗಿನ್ನೂ ಬಾಗಿಲೇ ಇಲ್ವಲ್ಲ!"

ನಗಬಾರದು ಎಂದುಕೊಂಡಳು. ಹಾಳಾದ ನಗು, ಬಂದೇಬಿಟ್ಟಿತು!

ಆ ಅರ್ಧ ಸೈಟಿಗಾಗಿ ನಂದಿತಾ ಏನೆಲ್ಲ ಕಳೆದುಕೊಂಡಿದ್ದಳು ಎಂಬುದು ಚಾಮರಾಜಪೇಟೆಯ ಆ ಬೀದಿಗೆಲ್ಲ ಗೊತ್ತಿತ್ತು. ಅಪ್ಪ ಲಕ್ಷ್ಮಯ್ಯ ಬಿನ್ನಿಪೇಟೆಯ ಮಿಲ್ಲಿನಲ್ಲಿ ದುಡಿದು ಕೊಂಡ ಜಾಗ ಅದು. ಅದರಲ್ಲಿದ್ದ ಹೆಂಚಿನ ಮನೆ ಅಪ್ಪ ಹೋದ ಎರಡೇ ವರ್ಷಕ್ಕೆ ಕುಸಿದಿತ್ತು. ಅಂದಿನಿಂದ ತಾಯಿ ಪಿಳ್ಳಮ್ಮನೊಂದಿಗೆ ಬಾಡಿಗೆ ಮನೆಯ ವಾಸ.

ಇಪ್ಪತ್ತೆಂಟರಲ್ಲಿ ನಿಶ್ಚಿತಾರ್ಥವೂ ಆಗಿತ್ತು. ಮದುವೆಗೆ ತಿಂಗಳಿದೆ ಎನ್ನುವಾಗ ಗಂಡಿನ ಕಡೆಯವರು ಮೆಲ್ಲಗೆ ಬಾಯಿಬಿಟ್ಟರು. "ಸೈಟು ಹುಡುಗನ ಹೆಸರಿಗೆ ಮಾಡಿಸ್ಬಿಡಿ. ಹೆಂಗಿದ್ರೂ ಮನೆ ಕಟ್ಟೋನು ಅವನೇ ತಾನೇ?"

"ಕಟ್ಟೋಳು ನಾನು," ಎಂದು ಉಂಗುರ ವಾಪಸು ಕೊಟ್ಟಿದ್ದಳು ನಂದಿತಾ.

ಈಗವಳಿಗೆ ಮೂವತ್ತಮೂರು. ದೊಡ್ಡಪ್ಪ ದೊಡ್ಡಬೈರಪ್ಪ ಬಂದಾಗಲೆಲ್ಲ ಅದೇ ರಾಗ. "ಹೆಣ್ಮಗು ಮನೆ ಕಟ್ಟೋದು ಎಲ್ಲಾದ್ರೂ ಉಂಟಾ? ಮಾರ್ಬಿಟ್ಟು ಮದುವೆ ಮಾಡ್ಕೊ ಮಗಳೇ."

ಎದುರು ಮನೆಯ ಬದರೀನಾರಾಯಣ ಅವರದು ಇನ್ನೊಂದು ಬಗೆಯ ಕಾಟ. ರಿಟೈರ್ ಆದ ಮೇಲೆ ಅವರಿಗೆ ಉಳಿದದ್ದು ಎರಡೇ ಆಸ್ತಿ: ಒಂದು ಕಾರು, ಒಂದು ಅಳತೆ ಟೇಪು. ದಿನ ಬೆಳಗಾದರೆ ಟೇಪು ಹಿಡಿದು ಬಂದು ಅವಳ ಸೈಟಿನ ಮುಂದೆ ಬಗ್ಗಿ ಅಳೆಯುವುದು, ಮರಳು ಎರಡಿಂಚು ಬೀದಿಗೆ ಬಂದಿದ್ದರೆ ಕೂಗಾಡುವುದು. ಬೆಂಗಳೂರಿನಲ್ಲಿ ಮನೆ ಕಟ್ಟಿಸುವವರಿಗೆ ಇಂಥವರೊಬ್ಬರನ್ನು ದೇವರೇ ನೇಮಿಸಿಬಿಟ್ಟಿರುತ್ತಾನೆ!

ಇವರೆಲ್ಲರ ನಡುವೆ ಆಕರ್ಷ ಮಾತ್ರ ಏನೂ ಬುದ್ಧಿ ಹೇಳಲಿಲ್ಲ. ಕಾಲೇಜೊಂದರಲ್ಲಿ ಲೈಬ್ರರಿ ನೋಡಿಕೊಳ್ಳುವ ಅವನಿಗೆ ಸದ್ದಿಲ್ಲದೆ ಕೆಲಸ ಮಾಡುವುದು ಅಭ್ಯಾಸವಾಗಿತ್ತೇನೋ. ನೀರಿನ ಟ್ಯಾಂಕರ್ ಕೈಕೊಟ್ಟ ದಿನ ತನ್ನ ಮನೆಯ ಪೈಪನ್ನು ಗೋಡೆಯ ಮೇಲಿಂದ ಇಳಿಬಿಟ್ಟ. ಮೇಸ್ತ್ರಿ ಗೋಡೆಯ ಅಳತೆಗೆ ದಾರ ಹಿಡಿದಾಗ ಇನ್ನೊಂದು ತುದಿ ಹಿಡಿದು ನಿಂತ. ಅವಳು ಶಾಲೆಯಿಂದ ಬರುವುದು ತಡವಾದರೆ ಕೆಲಸದವರಿಗೆ ಕಾಫಿ ಅವನ ಮನೆಯಿಂದಲೇ ಬರುತ್ತಿತ್ತು.

'ಇವನಿಗ್ಯಾಕೆ ಇಷ್ಟು ಉಸಾಬರಿ?' ಎಂದು ಕೇಳಿಕೊಳ್ಳುತ್ತಲೇ ನಂದಿತಾ ಸಂಜೆಯ ಬಸ್ಸಿಗಾಗಿ ಆತುರ ಪಡತೊಡಗಿದಳು. ಹೌದು, ಅವಳಿಗೆ ಅವನು ಬೇಕೆನಿಸುತ್ತಿದ್ದ. ಅದನ್ನು ಅವಳು ತನ್ನ ಕನ್ನಡಿಗೂ ಹೇಳಿರಲಿಲ್ಲ ಅಷ್ಟೇ.

ಬಾಗಿಲು ಪೂಜೆಯ ದಿನ ಎಲ್ಲವೂ ಕೆಟ್ಟಿತು.

ತೇಗದ ಚೌಕಟ್ಟಿಗೆ ಅರಿಶಿನ ಕುಂಕುಮ ಹಚ್ಚಿ, ಮಾವಿನ ಸೊಪ್ಪು ಕಟ್ಟಿ ಆಗಿತ್ತು. ಬೀದಿಯ ಹೆಂಗಸರೆಲ್ಲ ಬಂದಿದ್ದರು. ಆಕರ್ಷನ ತಾಯಿ ಜಾನಕಮ್ಮ ವಾಕರ್ ಹಿಡಿದು ಗೇಟಿನ ಬಳಿ ನಿಂತಿದ್ದರು. ಪುರೋಹಿತರು ಎರಡು ಮಣೆ ಹಾಕಿ ಕರೆದರು.

"ಯಜಮಾನರು ಬನ್ನಿ."

"ನಾನೇ," ಎಂದು ನಂದಿತಾ ಬಂದು ಒಂದು ಮಣೆಯ ಮೇಲೆ ಕುಳಿತಳು.

"ಅಲ್ಲಮ್ಮ... ದಂಪತಿ ಕೂತ್ಕೊಳ್ಳೋದು ಪದ್ಧತಿ. ಇಲ್ದಿದ್ರೆ ಮನೆ ಗಂಡಸರು ಯಾರಾದ್ರೂ..."

"ಅದಕ್ಕೇ ನಾನಿರೋದಲ್ವಾ ಸ್ವಾಮಿ!" ದೊಡ್ಡಬೈರಪ್ಪ ಪಂಚೆ ಸರಿಪಡಿಸಿಕೊಳ್ಳುತ್ತ ಮುಂದೆ ಬಂದರು.

ಅವರು ಇನ್ನೂ ಬಗ್ಗಿರಲಿಲ್ಲ. ಅಷ್ಟರಲ್ಲಿ, ತೆಂಗಿನಕಾಯಿ ಹಿಡಿದು ಹಿಂದೆ ನಿಂತಿದ್ದ ಆಕರ್ಷ ಸರಕ್ಕನೆ ಬಂದು ಎರಡನೇ ಮಣೆಯ ಮೇಲೆ ಕುಳಿತುಬಿಟ್ಟ!

ಪಿಳ್ಳಮ್ಮ ಎರಡೂ ಕೈಯನ್ನು ಎದೆಗಿಟ್ಟುಕೊಂಡಳು. ಅವಳ ಕಣ್ಣಲ್ಲಿ ನೀರು. ಹೆಂಗಸರು ಒಬ್ಬರನ್ನೊಬ್ಬರು ನೋಡಿ ಮುಸಿಮುಸಿ ನಕ್ಕರು. "ಓ... ವಿಷ್ಯ ಹಿಂಗೆ!"

ಒಂದು ಕ್ಷಣ, ಒಂದೇ ಒಂದು ಕ್ಷಣ, ನಂದಿತಾಳ ಎದೆ ಹಿಗ್ಗಿತು. ಮರುಕ್ಷಣ ಉರಿ ಎದ್ದಿತು. ಕೇಳಲಿಲ್ಲ. ಹೇಳಲಿಲ್ಲ. ಬಂದು ಕುಳಿತೇಬಿಟ್ಟ! ಪಾಯ ತೋಡಿಸಿದ್ದು ಅವಳು, ಕಲ್ಲು ಹೊರಿಸಿದ್ದು ಅವಳು, ಊರವರ ಬಾಯಿಗೆ ಆಹಾರವಾದದ್ದು ಅವಳು. ಮಣೆ ಹಾಕಿದ ಕೂಡಲೇ ಯಜಮಾನ ಅವನು! ಅಂದು ಉಂಗುರ ವಾಪಸು ಪಡೆದವನಿಗೂ ಇವನಿಗೂ ಏನು ವ್ಯತ್ಯಾಸ?

"ಎದ್ದೇಳಿ."

"ನಂದಿತಾ, ಒಂದ್ನಿಮಿಷ..."

"ಎದ್ದೇಳಿ ಅಂದೆ! ಈ ಮನೆಗೊಬ್ಬ ಯಜಮಾನ ಬೇಕು ಅಂತ ನಾನು ಯಾರ್ನೂ ಕೇಳ್ಕೊಂಡಿಲ್ಲ."

ಆಕರ್ಷನ ಮುಖ ಕೆಂಪಾಯಿತು. ಅವನು ದೊಡ್ಡಬೈರಪ್ಪನ ಕಡೆ ಒಮ್ಮೆ ನೋಡಿದ. ತೆಂಗಿನಕಾಯಿಯನ್ನು ಕೆಳಗಿಟ್ಟು ಎದ್ದು ಹೊರಟುಹೋದ.

ನಂದಿತಾ ಎರಡನೇ ಮಣೆಯನ್ನು ಎತ್ತಿ ಗೋಡೆಗೆ ಒರಗಿಸಿ, ತನ್ನ ಮಣೆಯನ್ನು ಚೌಕಟ್ಟಿನ ಮುಂದೆ ನಡುಮಧ್ಯಕ್ಕೆ ಎಳೆದುಕೊಂಡಳು.

"ಸಂಕಲ್ಪ ಮಾಡ್ಸಿ ಸ್ವಾಮಿ. ನಂದಿತಾ, ಲಕ್ಷ್ಮಯ್ಯನವರ ಮಗಳು. ಮುಹೂರ್ತ ಮೀರ್ತಿದೆ."

ಪುರೋಹಿತರು ಅತ್ತ ಇತ್ತ ನೋಡಿ, ಗಂಟಲು ಸರಿಮಾಡಿಕೊಂಡು ಮಂತ್ರ ಶುರುಮಾಡಿದರು. ಬಾಗಿಲ ಚೌಕಟ್ಟು ಎದ್ದು ನಿಂತಿತು. ಅವಳೊಬ್ಬಳೇ ಕೂತು ಪೂಜೆ ಮುಗಿಸಿದಳು. ಆದರೆ ಮನೆಗೆ ಬಂದು ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಆಮೇಲೆ ಮೂರು ತಿಂಗಳು ಆಕರ್ಷ ಅವಳ ಸೈಟಿನೊಳಗೆ ಕಾಲಿಡಲಿಲ್ಲ. ಬೀದಿಯಲ್ಲಿ ಎದುರಾದರೆ ತಲೆ ತಗ್ಗಿಸಿ ಹೋಗುತ್ತಿದ್ದ. ಅವಳೂ ಮುಖ ತಿರುಗಿಸುತ್ತಿದ್ದಳು. ಗೋಡೆಗಳು ಏಳುತ್ತಿದ್ದವು. ಪ್ರತಿ ಬೆಳಗ್ಗೆಯೂ ಹೊಸ ಗೋಡೆಗಳು ನೀರು ಕುಡಿದು ತಣ್ಣಗಿರುತ್ತಿದ್ದವು.

"ಕ್ಯೂರಿಂಗ್ ಚೆನ್ನಾಗಿ ಮಾಡ್ತಿದೀರ ವೆಂಕಟಪ್ಪ," ಎಂದಳು ಒಂದು ದಿನ.

ಮೇಸ್ತ್ರಿ ನಕ್ಕ. "ನಾನೆಲ್ಲಿ ಹಾಕ್ದೆ ಅಮ್ಮ? ನಾವು ಬರೋಷ್ಟೊತ್ತಿಗೆ ಪಕ್ಕದ ಮನೆ ಸಾರು ಆ ಕಡೆಯಿಂದ್ಲೇ ಪೈಪ್ ಹಿಡ್ದಿರ್ತಾರೆ. ಒಂದ್ ದಿನಾನೂ ತಪ್ಸಿಲ್ಲ."

ನಂದಿತಾ ಒದ್ದೆ ಗೋಡೆಯ ಮೇಲೆ ಕೈಯಿಟ್ಟಳು. ಬೈದು ಕಳಿಸಿದವಳ ಗೋಡೆಗೆ ಯಾರಾದರೂ ಹೀಗೆ ನೀರು ಹಾಕುತ್ತಾರಾ? ಕೇಳಬೇಕು ಎನಿಸಿತು. ಹೋಗಲು ಮಾತ್ರ ಅವಳ ಜಂಬ ಬಿಡಲಿಲ್ಲ.

ಮೋಲ್ಡ್ ಹಾಕುವ ದಿನ ಬಂತು. ಮೂವತ್ತು ಜನ ಕೆಲಸದವರು, ಬೀದಿಯಲ್ಲಿ ಗಡಗಡ ತಿರುಗುತ್ತ ಕಾಂಕ್ರೀಟು ಕಲಸುವ ಮಿಷಿನ್ನು. ಛಾವಣಿಯ ಕಾಂಕ್ರೀಟು ಒಂದೇ ಓಟಕ್ಕೆ ಮುಗಿಯಬೇಕು. ನಡುವೆ ನಿಂತರೆ ಆ ಜಾಗದಲ್ಲಿ ಸೀಳು ಉಳಿದು, ಮನೆ ಇರುವಷ್ಟು ಕಾಲವೂ ಸೋರುತ್ತದೆ. ಮಧ್ಯಾಹ್ನದ ಹೊತ್ತಿಗೆ ಅರ್ಧ ಮುಗಿದಿತ್ತು. ಆಗ ಎಲ್ಲಿಗೋ ಹೋಗಿದ್ದ ಬದರೀನಾರಾಯಣರ ಕಾರು ವಾಪಸು ಬಂತು.

"ತೆಗೀರಿ ಮಿಷಿನ್ನು! ನನ್ನ ಗೇಟಿಗೆ ಅಡ್ಡ ಇದೆ!"

"ಸಾರ್, ಮೂರು ಗಂಟೆ ಟೈಮ್ ಕೊಡಿ. ನಿನ್ನೆ ನಿಮಗೆ ಹೇಳಿದ್ದೆ."

"ನಾನು ಹೂಂ ಅಂದ್ನಾ? ಈಗ್ಲೇ ತೆಗೀಬೇಕು. ಇಲ್ದಿದ್ರೆ ಪೊಲೀಸ್ ಕರೀತೀನಿ!"

"ಕರೀರಿ," ಎಂದಳು ನಂದಿತಾ. "ಅವರು ಬರೋವರೆಗೂ ಕೆಲಸ ನಡೀತಿರುತ್ತೆ. ಒಂದು ಬಾಣ್ಲಿ ಕಾಂಕ್ರೀಟ್ ಕೂಡ ನಿಲ್ಲಲ್ಲ."

ಬದರೀನಾರಾಯಣರು ಫೋನು ಒತ್ತಿದರು. ನಂದಿತಾ ತಲೆಯೆತ್ತಿ ನೋಡಿದಳು. ಮೇಲೆ ಅರ್ಧ ಛಾವಣಿ... ಅಪ್ಪನ ಜಾಗ... ಇದಿಷ್ಟನ್ನೂ ಒಂದು ಕಾರಿಗಾಗಿ ಬಿಟ್ಟುಕೊಡಬೇಕಾ?

ಅಷ್ಟರಲ್ಲಿ ಪಕ್ಕದ ಮನೆಯ ಜಗಲಿಯಿಂದ ಜಾನಕಮ್ಮನ ದನಿ ಕೇಳಿಸಿತು.

"ಆಕರ್ಷ, ಗೇಟ್ ತೆಗಿಯೋ! ಮಿಷಿನ್ನು ನಮ್ಮಂಗಳಕ್ಕೆ ಬರ್ಲಿ. ಕುಂಡಗಳೆಲ್ಲ ಆಚೆ ಸರಿಸು. ನನ್ನ ಕನಕಾಂಬರ ಹೋದ್ರೆ ಹೋಗ್ಲಿ!"

ಐದೇ ನಿಮಿಷ. ಮಿಷಿನ್ನು ಜಾನಕಮ್ಮನ ಅಂಗಳಕ್ಕೆ ಬಂತು. ಬದರೀನಾರಾಯಣರ ಬಾಯಿಗೆ ಬೀಗ ಬಿತ್ತು. ಆದರೆ ಅಲ್ಲಿಂದ ದೂರ ಹೆಚ್ಚಾಗಿ, ಕಾಂಕ್ರೀಟಿನ ಬಾಣಲಿಗಳನ್ನು ಕೈಯಿಂದ ಕೈಗೆ ಸಾಗಿಸುವ ಸಾಲು ಉದ್ದವಾಗಬೇಕಿತ್ತು. ಜನ ಸಾಲುವುದಿಲ್ಲ ಎಂದು ವೆಂಕಟಪ್ಪ ತಲೆಯ ಮೇಲೆ ಕೈಹೊತ್ತ. ನಂದಿತಾ ದುಪಟ್ಟಾ ಸೊಂಟಕ್ಕೆ ಬಿಗಿದು ಸಾಲಿನಲ್ಲಿ ನಿಂತಳು. ಅವಳ ಕೈಗೆ ಮೊದಲ ಬಾಣಲಿ ಕೊಟ್ಟವನು ಆಕರ್ಷ.

ಮೂರು ತಿಂಗಳಾದ ಮೇಲೆ ಇಬ್ಬರೂ ಮುಖಕ್ಕೆ ಮುಖ ಕೊಟ್ಟು ನೋಡಿದರು.

"ಭಾರ ಇದೆ," ಎಂದ.

"ಗೊತ್ತು. ಕೊಡಿ."

ನಾಲ್ಕು ಗಂಟೆಗಳ ಕಾಲ ಅವರಾಡಿದ್ದು ಅಷ್ಟೇ ಮಾತು. ಸೂರ್ಯ ಇಳಿಯುವ ಹೊತ್ತಿಗೆ ಕೊನೆಯ ಬಾಣಲಿ ಮೇಲಕ್ಕೆ ಹೋಯಿತು. ವೆಂಕಟಪ್ಪ ಮೇಲಿಂದ ಶಿಳ್ಳೆ ಹಾಕಿದ. ಪಿಳ್ಳಮ್ಮ ಎಲ್ಲರಿಗೂ ಊಟ ಬಡಿಸತೊಡಗಿದಳು. ಆಕರ್ಷ ಬಾಗಿಲ ಹೊರಗೇ ನಿಂತು ಕೈಗಂಟಿದ ಸಿಮೆಂಟು ಕೆರೆಯುತ್ತಿದ್ದ. ನಂದಿತಾ ಹೊಸ್ತಿಲಿನ ಒಳಗೆ ಬಂದು ನಿಂತಳು.

"ಅವತ್ತು... ಆ ಮಣೆ ಮೇಲೆ ಯಾಕೆ ಕೂತ್ರಿ?"

ಅವನು ಸಿಮೆಂಟು ಕೆರೆಯುವುದನ್ನು ನಿಲ್ಲಿಸಿದ.

"ಪೂಜೆಗೆ ಮುಂಚೆ ನಿಮ್ಮ ದೊಡ್ಡಪ್ಪ ಪುರೋಹಿತರ ಕಿವೀಲಿ ಹೇಳ್ತಿದ್ರು. 'ಸಂಕಲ್ಪಕ್ಕೆ ನನ್ನ ಹೆಸ್ರು ಹೇಳ್ಬಿಡಿ, ಅವ್ಳಿಗೇನ್ ಗೊತ್ತಾಗುತ್ತೆ' ಅಂತ. ನನಗೆ ತಡೆಯೋಕಾಗ್ಲಿಲ್ಲ. ಬಸ್ಸಲ್ಲಿ ಸೀಟಿಗೆ ಕರ್ಚೀಫ್ ಹಾಕ್ತೀವಲ್ಲ... ಹಂಗೆ ಅವರು ಕೂರ್ದಂಗೆ ಜಾಗ ಹಿಡಿಯೋಣ ಅಂತ ಕೂತೆ. ಕೂತ ಮೇಲೇ ಗೊತ್ತಾಗಿದ್ದು, ಅದು ಬಸ್ಸಲ್ಲ ಅಂತ."

ನಂದಿತಾಗೆ ನಗು ಬಂತು. ನಗುತ್ತಲೇ ಕಣ್ಣು ತುಂಬಿತು.

"ಅವತ್ತೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿಮ್ಮ ಬಾಗಿಲು ಪೂಜೆ ಜಗಳದಲ್ಲಿ ಮುಗೀತಿತ್ತು. ಆಮೇಲೆ... ನೀವು ಬೈದಿದ್ದು ಪೂರ್ತಿ ತಪ್ಪೂ ಅಲ್ಲ. ನಿಮ್ಮ ಪಕ್ಕ ಕೂತಾಗ ಒಂದು ಕ್ಷಣ ಏಳೋದೇ ಬೇಡ ಅನ್ನಿಸ್ತು. ಕೇಳ್ದೆ ಕೂತು ಹಂಗೆ ಆಸೆಪಟ್ಟಿದ್ದು ನನ್ನ ತಪ್ಪೇ."

ಎಷ್ಟು ಸರಳವಾಗಿ ಒಪ್ಪಿಕೊಂಡುಬಿಟ್ಟ! ಅವಳ ಜಂಬವೆಲ್ಲ ಕರಗಿಹೋಯಿತು. ಹಠ ಮಾತ್ರ ಉಳಿಯಿತು. ಅದನ್ನು ಅವಳು ಯಾರಿಗೂ ಬಿಟ್ಟುಕೊಡುವವಳಲ್ಲ.

"ಹಾಗಾದ್ರೆ ನಾನು ಕೇಳ್ತೀನಿ. ಸರಿಯಾಗಿ ಕೇಳಿಸ್ಕೊಳ್ಳಿ," ಎಂದಳು. "ಮದುವೆ ಬೇಡ ಅಂತ ನಾನು ಯಾವತ್ತೂ ಹೇಳಿಲ್ಲ ಆಕರ್ಷ. ಈ ಮನೆ ನನ್ನ ಹೆಸರಲ್ಲೇ ಇರುತ್ತೆ. ನಾನು ಇಲ್ಲೇ ಇರ್ತೀನಿ, ನನ್ನಮ್ಮನ ಜೊತೆ. ನನ್ನನ್ನ ಮದುವೆ ಆಗೋರು ಇಲ್ಲಿಗೇ ಬರ್ಬೇಕು. ಬರ್ತೀರಾ?"

"ಮನೆ ಅಳಿಯ ಅಂತಾರೆ ನನ್ನ."

"ಅಂತಾರೆ. ನಿಮ್ಮ ಕಡೆಯವರು ಜಾತಿ ಅಂತಾರೆ. ನಮ್ಮ ಕಡೆಯವರು ಇನ್ನೊಂದು ಅಂತಾರೆ. ಬದರೀನಾರಾಯಣ ಟೇಪ್ ತಂದು ಅಳೀತಾರೆ!"

"ಅಳೀಲಿ," ಎಂದು ಅವನು ನಕ್ಕ. ಆಮೇಲೆ ಮೆಲ್ಲಗೆ ಹೇಳಿದ. "ಬೆಳಗ್ಗೆ ಹೊತ್ತು ಅಮ್ಮನ್ನ ನೋಡ್ಕೊಳ್ಳೋಕೆ ಪಕ್ಕಕ್ಕೆ ಹೋಗ್ಬರ್ತೀನಿ. ಅಷ್ಟು ಬಿಟ್ರೆ ನನ್ನದೇನೂ ಕರಾರಿಲ್ಲ. ಬರ್ತೀನಿ ನಂದಿತಾ."

ಎಷ್ಟು ವರ್ಷ ಕಾದಿದ್ದಳು, ಏನನ್ನೂ ಕಿತ್ತುಕೊಳ್ಳದ ಒಂದು 'ಹೂಂ'ಗಾಗಿ!

"ಮತ್ತೆ ಹೊರಗೇ ಯಾಕೆ ನಿಂತಿದೀರ?"

"ಅವತ್ತು ಕರೀದೇನೇ ಬಂದು ಬೈಸ್ಕೊಂಡೆ. ಇವತ್ತು ಯಜಮಾನಿ ಕರೀಲಿ ಅಂತ."

ನಂದಿತಾ ಹೊಸ್ತಿಲ ಮೇಲಿಂದ ಕೈ ಚಾಚಿದಳು. ಒಳಗೆ ಹಸಿ ಛಾವಣಿಯನ್ನು ಹೊತ್ತು ಸಾಲು ಸಾಲಾಗಿ ಮರದ ಕಂಬಗಳು ನಿಂತಿದ್ದವು.

"ಬಾ," ಎಂದಳು. "ಒಳಗೆ ಬಾ."

ಮೊದಲ ಸಲ ಬಹುವಚನ ಬಿಟ್ಟಿದ್ದಳು. ಅದು ಕಿವಿಗೆ ಬಿದ್ದು ಅವನು ನಿಂತಲ್ಲೇ ನಿಂತುಬಿಟ್ಟ.

"ಇನ್ನೊಂದ್ಸಲ ಕರಿ..."

"ಬಾರೋ!"

ಅವನು ಅವಳ ಕೈ ಹಿಡಿದು ಒಳಗೆ ಬಂದ.