ಕಡಲಹಕ್ಕಿಯ ಎಳೆ ಮೈಬಣ್ಣ

"ನನ್ನ ಬಣ್ಣ ತಿಳಿ ಆಗೂತನಕ ಕಾಯ್ರಿ ಅಂತ ನಿಮಗ ಯಾರು ಹೇಳ್ಯಾರ್ರಿ?"

ಧೂಪದಾಳದ ಅಣೆಕಟ್ಟೆಯ ಮೇಲೆ ನೀರಿನ ಅಳತೆ ಬರೆಯುತ್ತಿದ್ದ ಕುಂಥುನಾಥ ಬೆಚ್ಚಿಬಿದ್ದ. ಎದುರಿಗೆ ಜಿನ್ನವ್ವ! ನಿನ್ನೆಯಷ್ಟೇ ಘೋಡಗೇರಿಯಲ್ಲಿ, ಅವಳ ಚಿಕ್ಕಮ್ಮ ಅಕ್ಕವ್ವನ ಮನೆಯಲ್ಲಿ ಅವನು ನೋಡಿ ಬಂದ ಕನ್ಯೆ. ಕಂಕುಳಲ್ಲಿ ಒಗೆಯುವ ಬಟ್ಟೆಯ ಗಂಟು, ಕಣ್ಣಲ್ಲಿ ಬೆಂಕಿ.

"ನಾ… ನಾ ಏನ ಅಂದೇನ್ರಿ?"

"ಅಂಗಳದಾಗ ನಿಮ್ಮ ಗೆಳೆಯಾ ಶಿದ್ರಾಮನ ಮುಂದ ಅಂದದ್ದ ಕೇಳೇನಿ! ‘ಇನ್ನೂ ಎಳೇದೈತಿ, ಮೈ ಮ್ಯಾಲೆ ಮಣ್ಣಬಣ್ಣ ಐತಿ, ತಿಳಿ ಆಗಾಕ ವರ್ಷ ಬೇಕು’… ಇವತ್ತ ಸಂಜಿಗೆ ಅಪ್ಪಾ ಕುಲಗೋಡದಿಂದ ಬರತಾನು. ಈ ಗಂಡ ವಲ್ಲೆ ಅಂತ ಹೇಳಾಕಿ ನಾ!"

ಅವಳಿಗೆ ಒಳಗೊಳಗೆ ಮಾತ್ರ ಅಳು ಒತ್ತಿ ಬರುತ್ತಿತ್ತು. ‘ಎಷ್ಟ ಮೆತ್ತಗ ಕಂಡಿದ್ದಾ… ಇವನೂ ಹಿಂಗ ಏನು!’

ಕುಂಥುನಾಥ ಹಣೆ ಬಡಿದುಕೊಂಡ. "ಅಯ್ಯ! ಅದು ಹಕ್ಕಿ ಸುದ್ದಿರಿ!"

"ಯಾವ ಹಕ್ಕಿ?"

ಅವನು ನೀರಿನತ್ತ ಕೈ ತೋರಿಸಿದ. ಚಳಿಗಾಲಕ್ಕೆ ಬಂದ ಕಡಲಹಕ್ಕಿಗಳು ಫಾಲ್ಗುಣ ಬಂದರೂ ಹೋಗಿರಲಿಲ್ಲ.

"ಕಾಚಿನಬಣ್ಣದ ತಲಿದು ಒಂದು ಜಾತಿ, ಬಿಳಿ ತಲಿದು ಇನ್ನೊಂದು ಜಾತಿ ಅಂತಾನು ಶಿದ್ರಾಮ. ಅಲ್ಲರಿ! ಎರಡೂ ಒಂದ. ಚಳಿಗಾಲಕ್ಕ ತಲಿ ಬಿಳೇದಾಗತೈತಿ, ಬ್ಯಾಸಗಿ ಬಂದ್ರ ಕಾಚು ಬಳದಂಗ ಆಗತೈತಿ. ರೆಕ್ಕಿ ಮ್ಯಾಲೆ ಮಣ್ಣಬಣ್ಣ, ಬಾಲದ ತುದಿಗೆ ಕರಿ ಪಟ್ಟಿ ಇದ್ರ ಅದು ಎಳೇದು…"

ಜಿನ್ನವ್ವ ಸಿಟ್ಟು ಬಿಡದೆಯೇ ದಿಟ್ಟಿಸಿದಳು. "ಅಲ್ಲಿ, ಕಿವಿ ಹಿಂದ ಮಸಿಬೊಟ್ಟ ಇಟ್ಟಂಗ ಐತಲ್ಲ, ಅದರ ಬಾಲ ಪೂರಾ ಬಿಳಿ…"

"ಅದು ದೊಡ್ಡದ! ಚಳಿಗಾಲದ ವೇಷ ಇನ್ನೂ ಕಳಚಿಲ್ಲ. ಭಾರೀ ಕಣ್ಣರಿ ನಿಮ್ಮವು!"

"ಹೊಗಳಬ್ಯಾಡ್ರಿ! ಹೆಣ್ಣ ನೋಡಾಕ ಬಂದು ಹಕ್ಕಿ ಸುದ್ದಿ ಹೇಳೂದೇನು? ತಲಿ ನೆಟ್ಟಗ ಐತೋ ಇಲ್ಲೋ?"

ಸರಿಯಾಗಿಯೇ ಕೇಳಿದಳು. ಇಂಥ ಹೆಡ್ಡನಿಗೆ ಹಾಗೆಯೇ ಕೇಳಬೇಕು!

ಅವನು ತಲೆ ತಗ್ಗಿಸಿದ. "ಹುಡುಗಿ ಹೆಂಗದಾಳಂತ ಶಿದ್ರಾಮ ಕೇಳಿದಾ. ಮನಸಿಗೆ ಬಂದಾಳ ಅನ್ನಾಕ ನಾಚಿಕಿ ಆತು… ಗಡಬಡಿಸಿ ಹಕ್ಕಿ ಮಾತ ತಗದೆ."

ಜಿನ್ನವ್ವನ ಕಂಕುಳಿನ ಗಂಟು ಜಾರಿತು. ಎತ್ತಿಕೊಳ್ಳಲು ಅವಳು ಬಗ್ಗಲಿಲ್ಲ.

"ಯಾರ ಬಂದಾರು… ಮನಸಿಗೆ?"

"ನೀವ್ರಿ."

ಕುಂಥುನಾಥ ಬಗ್ಗಿ ಗಂಟು ಎತ್ತಿ ಅವಳ ಕೈಗಿತ್ತ. ಕಟ್ಟೆ ದಾಟಿ ನೀರು ಧುಮುಕುತ್ತಿತ್ತು.

"ಸಂಜಿಗೆ… ನಿಮ್ಮಪ್ಪಾರಿಗೆ ಏನ ಹೇಳತೀರಿ?"

ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು.

"ನಾ ಏನ ನಿಮ್ಮಂಗ ಗಡಬಡಸಾಕಿ ಅಲ್ಲ. ಹೂಂ ಅಂತ ನೆಟ್ಟಗ ಹೇಳತೇನಿ!"